ಲಿವರ್‌ಪೂಲ್ ಪಾರ್ಕಿನ ಗುಂಡಿ

ಮೊನ್ನೆ ಬೆಳಿಗ್ಗೆ ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಕುಂಯ್ ಎಂಬ ಸಣ್ಣ ಸದ್ದು ಕೇಳಿ ತಲೆಯೆತ್ತಿದರೆ, ಒಬ್ಬ ಮುದುಕ ಹಳೆಯ ನಾಣ್ಯ ಹುಡುಕುತ್ತ ಮೆಟಲ್ ಡಿಟೆಕ್ಟರನ್ನು ಹುಲ್ಲಿನ ಮೇಲೆ ಆಡಿಸುತ್ತಿದ್ದ. ದಿನವೂ ಜಾಗಿಂಗ್ ಬರುವ ಬೆಂಗಳೂರಿನವನೊಬ್ಬ ನನ್ನ ಪಕ್ಕ ನಿಂತ.

"ನೋಡಿ ಅಂಕಲ್, ಗುಂಡಿ ತೋಡಿ ಹಾಗೇ ಬಿಟ್ಟು ಹೋಗ್ತಾರೆ. ಕೌನ್ಸಿಲ್‌ಗೆ ಕಂಪ್ಲೇಂಟ್ ಮಾಡ್ಬೇಕು ಇವ್ರ ಮೇಲೆ."

"ಬಿಟ್ಟು ಹೋಗಿದ್ದನ್ನ ನೀವು ನೋಡಿದೀರಾ?"

"ನೋಡೋದೇನು ಅಂಕಲ್, ಎಲ್ಲರಿಗೂ ಗೊತ್ತಿರೋದೇ!"

ನನಗೆ ಮೈಯೆಲ್ಲ ಉರಿಯಿತು. ನೋಡದೆಯೇ ಎಲ್ಲರಿಗೂ ಗೊತ್ತಾಗಿಬಿಡುವುದು ಹೇಗೆ, ನೀವೇ ಹೇಳಿ. ಆದರೆ ಅವನ ಮೇಲೆ ರೇಗಲು ನನಗೆ ಯೋಗ್ಯತೆ ಎಲ್ಲಿದೆ? ಇಂಥದೇ ಮಾತಿನ ಹಿಂದೆ ಒಮ್ಮೆ ಅಡಗಿ ಕೂತವನು ನಾನು.

ಆಗ ನಾವು ಸಿಡ್ನಿಯ ಲಿವರ್‌ಪೂಲಿನಲ್ಲಿ ಮಗಳ ಮನೆಯಲ್ಲಿದ್ದೆವು. ಅಲ್ಲಿನ ಪಾರ್ಕಿನಲ್ಲಿ ಇದೇ ಹವ್ಯಾಸದ ಸಿರಿಲ್ ಪರಿಚಯವಾದರು. ಮಂಗಳೂರಿನವರು, ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು. ಕೌನ್ಸಿಲ್ ಕೊಟ್ಟ ಅನುಮತಿ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೇಬಿಗೆ ಸೇರಿಸದೆ ಅವರು ಡಿಟೆಕ್ಟರ್ ಮುಟ್ಟುತ್ತಿರಲಿಲ್ಲ. ಹುಲ್ಲನ್ನು ಮೂರು ಕಡೆ ಕೊಯ್ದು, ಪುಸ್ತಕದ ರಟ್ಟಿನಂತೆ ಮಗುಚುವರು. ಮಣ್ಣನ್ನು ಹಳೆಯ ಟವೆಲ್ಲಿನ ಮೇಲೆ ಹಾಕಿಕೊಳ್ಳುವರು. ನಾಣ್ಯ ಸಿಗಲಿ, ಬಾಟಲಿಯ ಮುಚ್ಚಳ ಸಿಗಲಿ, ಅಷ್ಟೂ ಮಣ್ಣನ್ನು ವಾಪಸು ತುಂಬಿ, ಹುಲ್ಲು ಮುಚ್ಚಿ ತುಳಿಯುವರು.

"ನಾವು ಬಂದದ್ದು ಆ ಹುಲ್ಲಿಗೇ ಗೊತ್ತಾಗಬಾರದು ಮಾರಾಯ್ರೆ" ಎನ್ನುತ್ತಿದ್ದರು.

ಒಂದು ಭಾನುವಾರ ಅವರು ಚರ್ಚಿಗೆ ಹೋಗುವಾಗ ಡಿಟೆಕ್ಟರನ್ನು ನನಗೆ ಕೊಟ್ಟು ಹೋದರು. ಒಂದು ಮರದ ಹತ್ತಿರ ರಾಜನ ತಲೆಯಿದ್ದ ತಾಮ್ರದ ಪೆನ್ನಿ ಸಿಕ್ಕಿತು. ನಿಜ ಹೇಳುತ್ತೇನೆ, ಪೆನ್ನಿಗಿಂತ ನನಗೆ ಆಸೆ ಹುಟ್ಟಿಸಿದ್ದು ಅಲ್ಲಿನ ಮಣ್ಣು. ಕಪ್ಪಗೆ, ಹುರಿಟ್ಟಿನ ಹಾಗೆ ಉದುರುದುರು. ಅಂಗಡಿಯ ಮಣ್ಣಿನಲ್ಲಿ ನನ್ನ ಹೆಂಡತಿಯ ತುಳಸಿ ಎರಡು ಸಲ ಒಣಗಿತ್ತು. ಕೈಚೀಲ ತುಂಬುವ ತನಕ ತೋಡಿದೆ. ಆಮೇಲೆ ಗುಂಡಿ ತುಂಬಲು ಮಣ್ಣೆಲ್ಲಿಂದ ತರುವುದು? ಟೊಳ್ಳಿನ ಮೇಲೆ ಹುಲ್ಲು ಮುಚ್ಚಿದೆ. ಎಷ್ಟು ಚೆನ್ನಾಗಿ ಕೂತಿತು ಎಂದು ಎರಡು ಹೆಜ್ಜೆ ಹಿಂದೆ ನಿಂತು ಮೆಚ್ಚಿಕೊಂಡೆ ಬೇರೆ. ಕಾಡಿನಲ್ಲಿ ಆನೆ ಬೀಳಿಸುವ ಗುಂಡಿಯನ್ನು ಹೀಗೇ ಮುಚ್ಚುತ್ತಿದ್ದರೆಂದು ಮೈಸೂರಿನವನಾದ ನನಗೆ ಹೊಳೆಯಲಿಲ್ಲ.

ಮರುದಿನ ನಮ್ಮ ವಾಕಿಂಗ್ ಗುಂಪಿನ ಪದ್ಮಾ ಅದರೊಳಗೆ ಕಾಲಿಟ್ಟರು. ಪಾದದ ಗಂಟಿನ ಮೂಳೆ ಮುರಿಯಿತು.

"ಇನ್ಯಾರು, ಆ ಸಿರಿಲ್ಲೇ!" ಎಂದಿತು ಗುಂಪು. ಒಬ್ಬರಾದರೂ ಅವರನ್ನು ಕರೆದು ಕೇಳಲಿಲ್ಲ. ನಾನೋ, "ಎಂಥಾ ಜನಾನಪ್ಪ!" ಎಂದೆ, ಎಲ್ಲರಿಗಿಂತ ಜೋರಾಗಿ.

ಸಂಜೆ ಸಿರಿಲ್ ನಮ್ಮ ಮನೆಗೇ ಬಂದರು. "ನಿನ್ನೆ ನೀವು ಆ ಮರದ ಹತ್ರ ತೋಡಿದ್ರಾ?"

"ಇಲ್ಲಪ್ಪ, ನಾನು ಆ ಕಡೆಗೇ ಹೋಗಿಲ್ಲ."

ಅವರು ನಂಬಿದರು. ಅದೇ ಇವತ್ತಿಗೂ ಚುಚ್ಚುವುದು. ಕೌನ್ಸಿಲ್‌ಗೆ ದೂರು ಹೋಗಿ, ಅವರ ಅನುಮತಿ ರದ್ದಾಯಿತು. ಸ್ವಲ್ಪ ದಿನಕ್ಕೆ ಮಗಳಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಬದುಕಿದೆ ಎಂದುಕೊಂಡು ನಾನೂ ಹೊರಟುಬಂದೆ. ನಾಚಿಕೆಗೆಟ್ಟವನು!

ಮೊನ್ನೆ ಪಾರ್ಕಿನಿಂದ ಮನೆಗೆ ಬಂದವನೇ ಸಿರಿಲ್‌ಗೆ ಫೋನ್ ಮಾಡಿದೆ. ಮಣ್ಣು, ಚೀಲ, ಸುಳ್ಳು, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಇದನ್ನು ನನಗೆ ಯಾಕೆ ಹೇಳ್ತೀರಿ? ಆ ಗುಂಡಿ ನಾನು ತೋಡಿದ್ದಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿಲ್ಲದವರಿಗೆ ಹೇಳಿ. ಪದ್ಮಾ ಈಗಲೂ ನನ್ನನ್ನು ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಾರೆ."

ಫೋನ್ ಇಟ್ಟುಬಿಟ್ಟರು. ಕ್ಷಮಿಸಿದೆ ಎನ್ನಲಿಲ್ಲ, ಯಾಕೆ ಅನ್ನಬೇಕು? ಒಂದು ಲೋಟ ನೀರು ಕುಡಿದು ಪದ್ಮಾ ಅವರ ನಂಬರ್ ಒತ್ತಿದೆ.

"ಹಲೋ, ಯಾರು ಮಾತಾಡ್ತಿರೋದು?"

ನನ್ನ ಹೆಸರು ಹೇಳಿದೆ.