ಗೋಡೆಗೆ ಮುಖ ಮಾಡಿ ನಿಲ್ಲುವ ಬಸ್ಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿ, ಹೊಲಿಗೆ ಅಂಗಡಿಯ ಪಕ್ಕದ ಗೋಡೆಗೆ ಒತ್ತಿಕೊಂಡು ಬಿಳಿ ಬಸ್ಸೊಂದು ಹಿಂದೆ ಮುಂದೆ ಸರಿಯುತ್ತಿದೆ. ಚಾಲಕ ಇಳಿದು ಚಕ್ರದಡಿಗೆ ಹಲಗೆ ತುರುಕುತ್ತಾರೆ, ಹತ್ತಿ ಗೇಣಷ್ಟು ಮುಂದಕ್ಕೆ ತರುತ್ತಾರೆ, ಮತ್ತೆ ಇಳಿಯುತ್ತಾರೆ. ಒಳಗೆ ನೆಲದ ಮೇಲೆ ಅಂಚಿನವರೆಗೂ ನೀರು ತುಂಬಿದ ಸ್ಟೀಲ್ ತಟ್ಟೆ. ನೀರು ಒಂದು ಕಡೆ ಚೆಲ್ಲಿದರೆ ಹಲಗೆ ಬದಲಾಗಬೇಕು.

"ಒಳಗಿರೋ ಮಿಷನ್ನು ಮಹಾರಾಣಿ ಇದ್ದ ಹಾಗೆ. ಕೂತ ಜಾಗ ಒಂಚೂರು ವಾಲಿದ್ರೂ ಮುನಿಸಿಕೊಳ್ತಾಳೆ," ಎಂದು ಬೆವರು ಒರೆಸಿಕೊಳ್ಳುತ್ತಾರೆ.

ಇದು ಸ್ತನ ಕ್ಯಾನ್ಸರ್ ತಪಾಸಣೆಯ ಬಸ್ಸು. ಯಂತ್ರವನ್ನೂ ನರ್ಸನ್ನೂ ಕೊಟ್ಟಿರುವುದು ಪಟ್ಟಣದ ಆಸ್ಪತ್ರೆ, ಬಸ್ಸು ಕೊಟ್ಟಿದ್ದು ಒಂದು ಸಾರಿಗೆ ಕಂಪನಿ. ಜಾಗ, ಕರೆಂಟು, ಕುರ್ಚಿ ಮತ್ತು ಮುಖ್ಯವಾಗಿ ಜನ, ಇವೆಲ್ಲ ಆಯಾ ಊರಿನ ಮಹಿಳಾ ಸಂಘದ ಪಾಲು. ಆಸ್ಪತ್ರೆಗೆ ಹೋಗಿಬರಲು ಒಂದಿಡೀ ದಿನದ ಕೂಲಿ ಬಿಡಬೇಕಾದ ಹೆಂಗಸರ ಮನೆ ಬಾಗಿಲಿಗೇ ಆಸ್ಪತ್ರೆ ಬರುತ್ತದೆ. ಸಮಾರಂಭದ ವೇದಿಕೆಯಲ್ಲಿ ಈ ಮೂವರಿಗೂ ಹಾರ ಬೀಳುತ್ತದೆ. ಎಲ್ಲರೂ 'ಬಸ್ಸಣ್ಣ' ಎನ್ನುವ ಈ ಮನುಷ್ಯ ಆಗ ಹಿಂದೆಲ್ಲೋ ಟೈರು ಒದ್ದು ನೋಡುತ್ತಿರುತ್ತಾರೆ.

ಮೊದಲು ಸಿಮೆಂಟ್ ಲಾರಿ ಓಡಿಸುತ್ತಿದ್ದವರು. ಬಸ್ಸು ತಂದ ಮೊದಲ ದಿನ, ಜನಕ್ಕೆ ಚೆನ್ನಾಗಿ ಕಾಣಲಿ ಎಂದು ಚಹಾ ಅಂಗಡಿಯ ಎದುರಿಗೇ ಬಾಗಿಲು ಮಾಡಿ ನಿಲ್ಲಿಸಿದರು. ಸಂಜೆಯವರೆಗೂ ಒಬ್ಬರೂ ಹತ್ತಲಿಲ್ಲ. ಬುದ್ಧಿ ಹೇಳಿದ್ದು ಇದೇ ಬೀದಿಯಲ್ಲಿರುವ ಅವರ ಅತ್ತಿಗೆ.

"ಲೋ, ಬೆಂಚಿನ ಮೇಲೆ ಇಷ್ಟು ಗಂಡಸರು ಕಣ್ಣು ಬಿಟ್ಕೊಂಡು ಕೂತಿದಾರೆ. ಮನೇಲಿ ಮದುವೆಗೆ ಬಂದ ಮಗಳನ್ನ ಇಟ್ಕೊಂಡೋಳು ನಿನ್ನ ಬಸ್ಸು ಹತ್ತುತಾಳೇನೋ? ಇಳಿಯೋದ್ರೊಳಗೆ ಅವಳಿಗೆ ರೋಗ ಅಂಟಿಸಿಬಿಡ್ತಾರೆ!"

ಅಂದಿನಿಂದ ಪ್ರತಿ ಊರಿನಲ್ಲೂ ಬಸ್ಸಣ್ಣ ಮೊದಲು ಹುಡುಕುವುದು ಒಂದು ಗೋಡೆಯನ್ನು. ಬಾಗಿಲು ಅದರ ಕಡೆಗೆ, ನಡುವೆ ಒಬ್ಬರು ನುಸುಳುವಷ್ಟು ಸಂದು. ಈಗ ದಿನಕ್ಕೆ ಮೂವತ್ತು ಹೆಂಗಸರವರೆಗೂ ಬರುತ್ತಾರೆ. ಯಾರಾದರೂ ಒಳಗಿರುವಾಗ ಇನ್ನೊಬ್ಬರು ಹತ್ತಿ ಬಸ್ಸು ಅಲುಗಾಡಬಾರದೆಂದು ಮೆಟ್ಟಿಲ ಮೇಲೆ ಇವರೇ ಕಾವಲು.

ಹೊಲಿಗೆ ಅಂಗಡಿ ಆ ಅತ್ತಿಗೆಯದೇ. ಊರಿನ ಸಂಘಕ್ಕೂ ಅವರೇ ಯಜಮಾನಿ. "ನನಗೆ ಮೀಸೆ ಬರೋ ಮೊದ್ಲೇ ಅಮ್ಮ ಹೋದ್ಲು. ಅನ್ನ ಹಾಕಿದ್ದೂ ಕಿವಿ ಹಿಂಡಿದ್ದೂ ಅತ್ತಿಗೇನೇ," ಎನ್ನುತ್ತಾರೆ ಬಸ್ಸಣ್ಣ. ಮನೆಮನೆಗೆ ಹೋಗಿ ಹೆಂಗಸರನ್ನು ಎಳೆದು ತರುತ್ತಿದ್ದ ಆಕೆ ತಾವು ಮಾತ್ರ ಹತ್ತುತ್ತಿರಲಿಲ್ಲ. ಕೇಳಿದರೆ, "ನನಗೇನೋ ಧಾಡಿ? ಗುಂಡುಕಲ್ಲಿನ ಹಾಗಿದೀನಿ."

ಕಳೆದ ಸಲ ಬಸ್ಸು ಇಲ್ಲಿಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೇಳಿದರು: "ನಿನ್ನ ಅತ್ತಿಗೆ ಮಾಡಿಸ್ಕೊಂಡಿದಾಳೇನಪ್ಪಾ?" ಅಜ್ಜಿಯ ಬೆನ್ನ ಹಿಂದೆ ನಿಂತು ಅತ್ತಿಗೆ 'ಹೂಂ ಅನ್ನು' ಎಂದು ಕಣ್ಸನ್ನೆ ಮಾಡುತ್ತಿದ್ದರು.

"ಹೂಂ ಅಂದಿದ್ರೆ ಮುಗೀತಿತ್ತು. ನಾಲಿಗೆ ಏಳ್ಲಿಲ್ಲ. 'ಇಲ್ಲ ಅಜ್ಜಿ' ಅಂದ್ಬಿಟ್ಟೆ."

ಅಜ್ಜಿ ಕಾಲು ಹಿಂದೆಗೆದುಕೊಂಡು ಮನೆ ಸೇರಿದರು. "ಊಟಕ್ಕೆ ಬಾ, ಬಡಿಸ್ತೀನಿ ನಿನಗೆ!" ಎಂದು ಮೈದುನನನ್ನು ದುರುಗುಟ್ಟಿ ನೋಡಿ, ಅತ್ತಿಗೆ ಹತ್ತಿಯೇಬಿಟ್ಟರು. ಇಷ್ಟು ದಿನ ಹತ್ತದಿದ್ದ ನಿಜವಾದ ಕಾರಣ ಇಳಿದ ಮೇಲೆ ಹೊರಬಿತ್ತು: "ಕರೆಯೋಳಿಗೇ ರೋಗ ಅಂತ ಆದ್ರೆ ಇನ್ಯಾರೋ ಬರ್ತಾರೆ?"

ವಾರದೊಳಗೆ ಆಸ್ಪತ್ರೆಯಿಂದ ಕರೆ ಬಂತು. ಇನ್ನೊಂದು ಪರೀಕ್ಷೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು, ಅದು ಕ್ಯಾನ್ಸರೇ ಎಂದಾಯಿತು. ಬೇಗ ಸಿಕ್ಕಿದ್ದರಿಂದ ಗುಣವಾಗುವ ಭರವಸೆ ಇದೆ ಎಂದಿದ್ದಾರೆ ವೈದ್ಯರು. ಶಸ್ತ್ರಚಿಕಿತ್ಸೆ ಆಗಿದೆ, ಔಷಧಿ ನಡೆಯುತ್ತಿದೆ. ಆಮೇಲೆ ಬಸ್ಸು ಈ ಊರಿಗೆ ಬಂದಿರುವುದು ಇವತ್ತೇ.

ಬಿಸಿಲೇರಿದೆ. ಹಾಕಿದ ಕುರ್ಚಿಗಳೆಲ್ಲ ಖಾಲಿ. ಬಸ್ಸಣ್ಣ ಮೆಟ್ಟಿಲ ಮೇಲೆ ಕುಳಿತು ಬೀದಿ ನೋಡುತ್ತಾರೆ. "ನಿಜ ಹೇಳಿ ಅತ್ತಿಗೇನ ಉಳಿಸ್ಕೊಂಡೆ ಅಂತಾರೆ ಎಲ್ಲಾರೂ. ಅವರು ಕಟ್ಟಿದ್ದನ್ನ ಕೆಡವಿಬಿಟ್ಟೆನೇನೋ ಅಂತ ನನಗೆ."

ಅಂಗಡಿಯ ಕದ ತೆರೆಯುತ್ತದೆ. ತಲೆಗೆ ಬಟ್ಟೆ ಸುತ್ತಿಕೊಂಡು, ತೆಳ್ಳಗಾದ ಅತ್ತಿಗೆ ನಿಧಾನವಾಗಿ ಇಳಿದು ಬರುತ್ತಾರೆ.

"ಇದೇನೋ, ಕದ್ದು ತಂದ ಬಸ್ಸಿನ ಹಾಗೆ ಗೋಡೆಗೆ ಅಂಟಿಸಿದೀಯ? ತಿರುಗಿಸು. ಬಾಗಿಲು ಬೀದಿ ಕಡೆ ಬರ್ಲಿ."

"ಅತ್ತಿಗೆ, ಈಗಷ್ಟೇ ಹಲಗೆ ಹಾಕಿ..."

"ತೆಗೆದು ಮತ್ತೆ ಹಾಕು. ಹೇಗೂ ನೊಣ ಹೊಡೀತಾ ಕೂತಿದೀಯಲ್ಲ."

ಬಸ್ಸಣ್ಣ ಹಲಗೆ ಎಳೆಯುತ್ತಾರೆ. ಬಸ್ಸು ತಿರುಗುತ್ತದೆ, ತಟ್ಟೆಗೆ ಮತ್ತೆ ನೀರು ಬೀಳುತ್ತದೆ. ಅತ್ತಿಗೆ ಬಾಗಿಲ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಇಡೀ ಬೀದಿಗೆ ಕಾಣುವಂತೆ ಕೂರುತ್ತಾರೆ. ಬಹಳ ಹೊತ್ತು ಯಾರೂ ಇಲ್ಲ. ಕೊನೆಗೆ ಎದ್ದು ಬಂದವರು ಅದೇ ಅಜ್ಜಿ.

"ಆ ರೋಗ ಬಂದೂ ನಿನ್ನ ಬಾಯಿ ಕಮ್ಮಿ ಆಗ್ಲಿಲ್ಲ ಅಂದ್ಮೇಲೆ ಅದಕ್ಕೇನೇ ಹೆದರೋದು? ಸರಿ, ದಾರಿ ಬಿಡು."

ಅಜ್ಜಿಯ ಹಿಂದೆ ಅವರ ಸೊಸೆ. ಸೊಸೆಯ ಹಿಂದೆ ಎದುರು ಮನೆಯವರು. ಮಧ್ಯಾಹ್ನಕ್ಕೆ ಅಂಗಡಿಯೊಳಗಿನ ಸ್ಟೂಲುಗಳೂ ಹೊರಗೆ ಬರುತ್ತವೆ.

ಮೆಟ್ಟಿಲಿನ ಕಾವಲಿಗೆ ಮರಳಿದ ಬಸ್ಸಣ್ಣನನ್ನು ಇನ್ನು ಮುಂದೆ ಏನಾಗಬೇಕು ನಿಮಗೆ ಎಂದು ಕೇಳಿದರೆ, ಮೊದಲು ನಗುತ್ತಾರೆ.

"ನನಗೇನಾಗ್ಬೇಕು? ಊರೂರಲ್ಲೂ ಗೋಡೆ ಹುಡುಕೋದು ತಪ್ಪಿದ್ರೆ ಸಾಕು."