ಚುಚ್ಚುವ ಕಂಬಳಿ

ಬ್ರ್ಯಾಂಡ್ ಕಥೆ ಅಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಾರುವ ವಸ್ತುವಿಗೆ ಕಟ್ಟುವ ಚೀಟಿಯ ಮೇಲಿನ ನಾಲ್ಕು ಸಾಲು. ಓದಿದವರ ಮನಸ್ಸು ಕರಗಬೇಕು, ನಮ್ಮ ಸಂಸ್ಕೃತಿಯೂ ಕಾಣಬೇಕು. ನಾನು ಅದನ್ನು ಬರೆಯುವ ಕೆಲಸಕ್ಕೆ ಸೇರಿದ್ದ ಪುಣೆಯ ಅಂಗಡಿ ನನ್ನನ್ನು ಮೊದಲು ಕಳಿಸಿದ್ದು ಉಟಗಿ ಹಳ್ಳಿಯ ಮಾಳವ್ವನವರ ಮನೆಗೆ. ಅವರು ಉಣ್ಣೆ ನೂಲುತ್ತಾರೆ, ಗಂಡ ಕಂಬಳಿ ನೇಯುತ್ತಾರೆ. ಕಥೆ ಚೆನ್ನಾಗಿದ್ದರೆ ಮಾತ್ರ ಅಂಗಡಿ ಆ ಕಂಬಳಿಗಳನ್ನು ಕೊಳ್ಳುತ್ತಿತ್ತು.

ನಾನು ಬರೆದಿದ್ದ ಚೀಟಿ ಮರಾಠಿಯಲ್ಲಿತ್ತು. ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ: "ತಾಯಿಯ ಮಡಿಲಿನಷ್ಟು ಮೆತ್ತನೆಯ ಕಂಬಳಿ."

ಮಾಳವ್ವ ನೂಲುವುದನ್ನು ನಿಲ್ಲಿಸಿದರು. "ಮೆತ್ತಗ ಅದ ಅಂತ ಯಾರ್ ಹೇಳ್ಯಾರ್ರಿ? ಒಮ್ಮಿ ಹೊತ್ಕೊಂಡ ನೋಡ್ರಿ."

ಹೊದ್ದುಕೊಂಡೆ. ಕುತ್ತಿಗೆಗೆಲ್ಲ ಚುಚ್ಚಿತು. ಮರ್ಯಾದೆಗೆ ತೆಗೆಯದೆ ಕುಳಿತೆ.

"ಚುಚ್ಚತದಿಲ್ರಿ? ಕುರಿ ಉಣ್ಣಿ ಅಂದ್ರ ಚುಚ್ಚತದ. ಹಂಗ ಬರೀರಿ. ತಾಯಿ ಮಡಲ ಬೇಕಾದವ್ರು ತಾಯಿ ಕಡಿ ಹೋಗ್ಲಿ."

"ಅಂಗಡಿಯವ್ರು ಬ್ಯಾಡ ಅಂದ್ರರಿ?"

"ಬಿಡ್ರಿ. ಸುಳ್ಳ ಹೇಳಿ ಮಾರೂ ಬದ್ಲಿ ನಾವ ಹೊತ್ಕೋತೀವಿ."

ಹಾಗೆಯೇ ಬರೆದು ಕಳಿಸಿದೆ: ಇದು ಚುಚ್ಚುತ್ತದೆ, ಏಕೆಂದರೆ ಇದು ಉಣ್ಣೆ. ಅಂಗಡಿಯ ಸಾಹೇಬರು ಫೋನ್ ಮಾಡಿ, ಇದರಲ್ಲಿ ಭಾವನೆ ಎಲ್ಲಿದೆ, ತಿದ್ದು ಎಂದರು. ತಿದ್ದುವುದಿಲ್ಲ, ಬೇಕಾದರೆ ಬೇರೆಯವರನ್ನು ಕಳಿಸಿ ಬರೆಸಿಕೊಳ್ಳಿ ಎಂದೆ.

ಚೀಟಿ ಹಾಗೆಯೇ ಅಚ್ಚಾಯಿತು, ಕಂಬಳಿಗಳೂ ಪುಣೆಗೆ ಹೋದವು. ನನ್ನ ಧೈರ್ಯ ಮೆಚ್ಚಿ ಒಪ್ಪಿದರು ಅಂದುಕೊಳ್ಳಬೇಡಿ. ಜೀಪಿಗೆ ಜೋತುಬಿದ್ದು ಉಟಗಿಗೆ ಹೋಗಲು ಆಫೀಸಿನಲ್ಲಿ ಬೇರೆ ಯಾರೂ ತಯಾರಿರಲಿಲ್ಲವಂತೆ.