ಅಂಚೆ ಕಚೇರಿಯಲ್ಲಿ ಅರಿಶಿನ ನೆಕ್ಕಿದ್ದು

ಮಸ್ಕತ್ತಿನ ಅಂಚೆ ಕಚೇರಿಯಲ್ಲಿ ಒಮಾನಿ ಅಧಿಕಾರಿ ನನ್ನ ಲಕೋಟೆಯೊಂದನ್ನು ಎತ್ತಿ ಅಲುಗಾಡಿಸಿದ. ಮೂಲೆಯಿಂದ ಹಳದಿ ಪುಡಿ ಸುರಿದು ಅವನ ಬೆರಳಿಗೂ ಬಿಳಿ ನಿಲುವಂಗಿಯ ತೋಳಿಗೂ ಮೆತ್ತಿಕೊಂಡಿತು. ನನ್ನ ಹಿಂದೆ ಸಾಲಿನಲ್ಲಿದ್ದವರೆಲ್ಲ ದೂರ ಸರಿದರು.

ಮೊಮ್ಮಕ್ಕಳೇ, ಅದು ನಿಮ್ಮ ಅಕ್ಕನ ಮದುವೆ ಕಾಗದ. ಅಂದೇ ಹೊರಡದಿದ್ದರೆ ಊರಿನ ನೆಂಟರಿಗೆ ಮದುವೆ ಮುಗಿದ ಮೇಲೆಯೇ ತಲುಪುತ್ತಿತ್ತು. ನಿಮ್ಮ ಅಮ್ಮ ಕಾಗದದ ಮೂಲೆಗಳಿಗೆ ಹಚ್ಚಿದ ಅರಿಶಿನ ತೀರಾ ತೆಳುವಾಯಿತೆಂದು ನಾನೇ ಗುಟ್ಟಾಗಿ ಪ್ರತಿ ಲಕೋಟೆಗೂ ಒಂದೊಂದು ಚಿಟಿಕೆ ಪುಡಿ ಉದುರಿಸಿದ್ದೆ. ಅವಳು ಹೊರಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಳು.

"ಯೇ ಕ್ಯಾ ಹೈ, ಮಾಮಾ?" ಎಂದು ಅಧಿಕಾರಿ ಪುಡಿಯತ್ತ ಬೆರಳು ತೋರಿಸಿ ಕೇಳಿದ. ಇಲ್ಲಿ ಮಾಮಾ ಎಂದರೆ ಅಮ್ಮ. ನನಗೆ ಹಿಂದಿಯೂ ಬಾರದು, ಅರಬ್ಬಿಯೂ ಬಾರದು. ನಾಚಿಕೆಯಲ್ಲಿ ಕನ್ನಡವೂ ಮರೆತುಹೋಯಿತು. ಬೇರೆ ದಾರಿ ಕಾಣದೆ ಮೇಜಿನ ಮೇಲಿನ ಪುಡಿಯನ್ನು ಬೆರಳಿಗೆ ಮೆತ್ತಿಕೊಂಡು ನೆಕ್ಕಿ, ಹಳದಿ ನಾಲಿಗೆಯನ್ನು ಚಾಚಿ ತೋರಿಸಿದೆ.

ಅವನು ತೋಳನ್ನು ಮೂಸಿ ನೋಡಿ ಜೋರಾಗಿ ಸೀನಿದ. ನಾನು ಇನ್ನೊಮ್ಮೆ ನೆಕ್ಕಲು ಹೊರಟಾಗ, "ಖಲಾಸ್, ಮಾಮಾ, ಖಲಾಸ್!" ಎಂದು ನಗುತ್ತಾ, ಸಾಕು ಎನ್ನುವಂತೆ ಕೈ ಅಡ್ಡ ಹಿಡಿದ. ಅರಿಶಿನದ ಕೈಯಲ್ಲೇ ಎಲ್ಲ ಲಕೋಟೆಗಳಿಗೂ ಮುದ್ರೆ ಒತ್ತಿದ.

ಈಗ ಊರಿನಿಂದ ಫೋನು ಬರುತ್ತಿದೆ. ಎಲ್ಲರ ಲಕೋಟೆಯ ಮೇಲೂ ಹಳದಿ ಹೆಬ್ಬೆಟ್ಟಿನ ಗುರುತಿದೆಯಂತೆ. "ಅತ್ತಿಗೆ, ಹೊರಗೂ ಅರಿಶಿನ ಹಚ್ಚಿದ್ದೀರಲ್ಲ, ಶಾಸ್ತ್ರ ಅಂದ್ರೆ ನಿಮ್ದು ಮಾರಾಯ್ರೇ!" ಎಂದು ನಾದಿನಿ ಹೊಗಳಿದಳು. ನಾನು ಹೂಂ ಎಂದೆ.